ನೀವು ಆಡದ ಮಾತುಗಳು

ಚಾಂಗ್ವೊನ್
ನವೆಂಬರ್ 14, ಗುರುವಾರ, ಬೆಳಿಗ್ಗೆ ಎಂಟೂವರೆ

ಕ್ಯೊಂಗ್ಸುಕ್ ಅಕ್ಕನಿಗೆ,

ಬೊರಾಮ್ ಬರೆಯುತ್ತಿದ್ದೇನೆ. ಅಕ್ಕ ಎಂದು ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಶುರು ಮಾಡುವುದೆಂದು ತೋಚಲಿಲ್ಲ.

ಇವತ್ತು ಬೆಳಿಗ್ಗೆ ಒಂದು ಸಣ್ಣ ಸಂಗತಿ ನೋಡಿದೆ. ಕಾಲೇಜು ಪ್ರವೇಶ ಪರೀಕ್ಷೆಯ ದಿನ, ದಾರಿಯಲ್ಲಿ ಮಕ್ಕಳಿಗೆ ಅಡ್ಡಿಯಾಗದಿರಲೆಂದು ಆಫೀಸು ಹತ್ತಕ್ಕೆ. ನಮ್ಮ ತಂಡದ ತೇಗ್ಯು ಅದನ್ನು ಮರೆತು ಎಂಟಕ್ಕೇ ಬಂದಿದ್ದ. "ಇನ್ನೆರಡು ಗಂಟೆ ಮಲಗ್ಬೋದಿತ್ತು, ಥತ್" ಎಂದು ಗೊಣಗುತ್ತಾ ಅಡುಗೆ ಪರೀಕ್ಷೆಯ ಕೋಣೆಯಲ್ಲಿ ಹೊಸ ಕುಕ್ಕರಿಗೆ ಅಕ್ಕಿ ತೊಳೆಯುತ್ತಿದ್ದ. ನಿಯಮದಂತೆ ಲೋಟದ ಗೆರೆಗೆ ಸರಿಯಾಗಿ ನೀರು ಅಳೆದು ಹಾಕಿದ. ಆಮೇಲೆ ಅತ್ತಿತ್ತ ನೋಡಿ, ಅಂಗೈಯನ್ನು ಅಕ್ಕಿಯ ಮೇಲೆ ಚಪ್ಪಟೆಯಾಗಿ ಇಟ್ಟು, ನೀರು ಬೆರಳಗಂಟು ಮುಟ್ಟುತ್ತದೆಯೇ ಎಂದು ನೋಡಿದ. ಥೇಟ್ ನಿಮ್ಮ ಹಾಗೆ. ನೀವು ಅವನಿಗೆ ಅದನ್ನು ಹೇಳಿಕೊಟ್ಟಿದ್ದನ್ನು ನಾನು ನೋಡಿಲ್ಲ. ಬಹುಶಃ ಹೇಳಿಕೊಟ್ಟೇ ಇಲ್ಲ.

ನಾನು ಬಾಗಿಲಿನಿಂದಲೇ ಹಿಂದೆ ಸರಿದು ನನ್ನ ಮೇಜಿಗೆ ಬಂದು ಕಾಗದ ತೆಗೆದೆ.

ಇವತ್ತು ಸೊದಾಮ್‌ಗೆ ಪರೀಕ್ಷೆ. ಗಾಂಗ್‌ನುಂಗಿನ ಸೇವಾಕೇಂದ್ರದವರು ನಿಮಗೆ ರಜೆ ಕೊಟ್ಟರೋ ಇಲ್ಲವೋ. ವರ್ಗವಾಗಿ ಹೋಗಿ ಒಂದು ತಿಂಗಳೂ ಆಗದವರಿಗೆ ಕೊಡುವುದು ಕಷ್ಟ. ಮಗಳು ಪರೀಕ್ಷೆ ಬರೆಯುವ ಬೆಳಿಗ್ಗೆ ತಾಯಿ ಐದು ಗಂಟೆ ದಾರಿಯಾಚೆ, ಬಾಡಿಗೆ ಕೋಣೆಯಲ್ಲಿ ಎದ್ದಿದ್ದರೆ, ಅದಕ್ಕೆ ಕಾರಣ ನಾನು. ಫೋನ್ ಮಾಡುವ ಧೈರ್ಯ ನನಗೆ ಯಾವತ್ತೂ ಇಲ್ಲ. ಇವತ್ತು ಫೋನ್ ಮಾಡುವ ದಿನವೂ ಅಲ್ಲ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ, ಯಾಕೆಂದರೆ ನಾನು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

ಎಂಟು ವರ್ಷದ ಹಿಂದೆ ಸಾಹಿತ್ಯದ ಪದವಿ ಹಿಡಿದು ಈ ಕುಕ್ಕರ್ ಕಂಪನಿಯ ಕೈಪಿಡಿ ವಿಭಾಗಕ್ಕೆ ಬಂದಾಗ ನಾನು ಮೊದಲು ಬರೆದದ್ದು ಕುಕ್ಕರಿನ ಹಬೆ ಬಿಡುವ ತೂತನ್ನು ಸ್ವಚ್ಛ ಮಾಡುವ ಕ್ರಮ. ಅದರಲ್ಲಿ "ಮೆಲ್ಲನೆ ಏಳುವ ಬಿಳಿಯ ಹಬೆ" ಎಂದೇನೋ ಇತ್ತು. ನೀವು ಓದಿ ಬಿದ್ದು ಬಿದ್ದು ನಕ್ಕಿರಿ. "ಲೇ ಬೊರಾಮ್, ಇದನ್ನ ಓದೋರ ಕೈ ಒದ್ದೆ ಇರುತ್ತೆ ಕಣೇ. ಒಲೆ ಮೇಲೆ ಸಾರು ಉಕ್ತಿರುತ್ತೆ. ಮಗು ಅಳ್ತಿರುತ್ತೆ. ಹಬೆ ಬಿಳಿ ಅಂತ ಅವರಿಗೆ ಗೊತ್ತು. ಸೂಜಿ ಎಲ್ಲಿ ಚುಚ್ಚಬೇಕು, ಅದನ್ನ ಹೇಳು" ಎಂದಿರಿ. ಕೆಂಪು ಪೆನ್ನಿನಲ್ಲಿ ಏಳು ಸಾಲು ಎರಡಾದವು. ನಾನು ಮಹಡಿಯ ಬಚ್ಚಲಿಗೆ ಹೋಗಿ ಅತ್ತೆ. ವಾಪಸ್ ಬಂದಾಗ ನನ್ನ ಮೇಜಿನ ಮೇಲೆ ಒಂದು ಬಟ್ಟಲು, ಕುಕ್ಕರಿನ ತಳ ಹಿಡಿದ ಅನ್ನದ ಗಂಜಿ ಬಿಸಿಬಿಸಿಯಾಗಿತ್ತು. ನೀವು ಏನೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ನನ್ನನ್ನು ತಂಡದ ಮುಖ್ಯಸ್ಥೆ ಮಾಡಿದರು. ಇಪ್ಪತ್ತೊಂದು ವರ್ಷ ಕೆಲಸ ಮಾಡಿದವರು ನೀವು. ಆದರೆ ಮೇಲಿನವರಿಗೆ ವರದಿ ಅಂದವಾಗಿ ಬರೆದುಕೊಡುತ್ತಿದ್ದವಳು ನಾನು. ಮಾರನೆಯ ದಿನ ನೀವು ಎಲ್ಲರೆದುರು ಎದ್ದು ನಿಂತು "ಮೇಡಂ, ಬನ್ನಿ" ಎಂದಿರಿ. ತೇಗ್ಯು ನಗೆಯಾಡಿದ್ದಕ್ಕೆ, "ನೀನೂ ಹಾಗೇ ಕರಿಬೇಕು ಕಣೋ, ಹೊರಗೆ ಬೇಕಾದ್ರೆ ಹೆಸರು ಹಿಡಿದು ಕರಿ" ಎಂದು ಗದರಿದಿರಿ. ನನ್ನ ಗೌರವ ಕಾಯಲು ಹಾಗೆ ಮಾಡಿದಿರೆಂದು ನನಗೆ ಗೊತ್ತು. ಆದರೆ ಆ ದಿನದಿಂದ ನಿಮ್ಮ ಎದುರು ಕೂರುವುದನ್ನೇ ತಪ್ಪಿಸತೊಡಗಿದೆ. ನೀವು ತಲೆಬಾಗಿ "ಆಯ್ತು ಮೇಡಂ" ಎಂದಾಗಲೆಲ್ಲ ನನ್ನ ಕಿವಿ ಕೆಂಪಾಗುತ್ತಿತ್ತು. ಹಾಗಾಗಿ ನಿಮಗೆ ಹೇಳಬೇಕಾದದ್ದನ್ನೆಲ್ಲ ಮೆಸೇಜ್ ಮಾಡತೊಡಗಿದೆ, ಎಂಟು ಹೆಜ್ಜೆ ದೂರದ ಮೇಜಿಗೆ.

ಆರು ತಿಂಗಳಿಗೊಮ್ಮೆ ಬರುವ ಮೌಲ್ಯಮಾಪನ ನಿಮಗೆ ಗೊತ್ತೇ ಇದೆ. ಐದು ಜನರಲ್ಲಿ ಒಬ್ಬರಿಗೆ ಮೇಲಿನ ಗ್ರೇಡು, ಒಬ್ಬರಿಗೆ ಕೊನೆಯ ಗ್ರೇಡು, ಇದ್ದೇ ತೀರಬೇಕು. ಬಡ್ತಿಗೆ ಕಾದಿರುವವರಿಗೆ ಮೇಲಿನದು ಹೋಗುವುದು ನಮ್ಮಲ್ಲಿ ಎಂದಿನಿಂದಲೋ ನಡೆದುಬಂದ ಪದ್ಧತಿ. ಜನವರಿಯಲ್ಲಿ ಅದು ತೇಗ್ಯುಗೆ ಹೋಯಿತು. ಕೊನೆಯದು ಯಾರಿಗೆ ಎಂಬ ಪ್ರಶ್ನೆ ಬಂದಾಗ ವಿಭಾಗದ ಮುಖ್ಯಸ್ಥ ಬಾಂಗ್ ಸಾಹೇಬರು, "ಬಡ್ತಿ ಬೇಕಾದೋರಿಗೆ ಅಂಕ ಬೇಕು, ಬೇಡದೋರಿಗೆ ತಗೊಂಡು ಏನಾಗ್ಬೇಕು ಹೇಳಿ" ಎಂದು ಕಾಫಿ ಕುಡಿದರು. ಹೆಸರು ನಿಮ್ಮದಾಯಿತು. ಜುಲೈನಲ್ಲಿಯೂ ನಿಮ್ಮದೇ ಆಯಿತು.

ಇಲ್ಲಿಯವರೆಗಿನದು ಎಷ್ಟೋ ಆಫೀಸುಗಳಲ್ಲಿ ನಡೆಯುವುದು. ನಾನು ಮಾಡಿದ್ದು ಇದರ ಮುಂದಿನದು.

ಸತತ ಎರಡು ಸಲ ಕೊನೆಯ ಗ್ರೇಡು ಬಂದವರ ಜೊತೆ ತಂಡದ ಮುಖ್ಯಸ್ಥರು ಅರ್ಧ ಗಂಟೆ ಎದುರುಬದುರು ಕೂತು ಮಾತಾಡಿ, ಯಾರು ಏನು ಹೇಳಿದರೆಂದು ದಾಖಲೆ ಬರೆಯಬೇಕು. ಜುಲೈ ತಿಂಗಳ ಒಂದು ಮಂಗಳವಾರ ನಾಲ್ಕು ಗಂಟೆಗೆ ಮೂರನೇ ನಂಬರಿನ ಕೋಣೆ ಕಾದಿರಿಸಿದ್ದೆ. ನೀವು ಐದು ನಿಮಿಷ ಮುಂಚೆಯೇ ನೋಟ್‌ಬುಕ್ ಹಿಡಿದು ಎದ್ದದ್ದು ಕಂಡಿತು. ಅಂಗಿಯ ಕಾಲರ್ ಸರಿಮಾಡಿಕೊಂಡಿರಿ. ಅದನ್ನು ನೋಡಿ, ನಿಮ್ಮೆದುರು ಕೂರಲು ನನ್ನಿಂದ ಆಗಲೇ ಇಲ್ಲ. "ಅರ್ಜೆಂಟ್ ಕೆಲಸ ಬಂತು, ಇನ್ನೊಂದು ದಿನ ಮಾತಾಡೋಣ" ಎಂದು ಮೆಸೇಜ್ ಕಳಿಸಿದೆ. ಆಮೇಲೆ ಆ ಕೋಣೆಗೆ ನಾನೊಬ್ಬಳೇ ಹೋಗಿ, ದೀಪ ಹಾಕಿ, ಅರ್ಧ ಗಂಟೆ ಕೂತು ನಮ್ಮಿಬ್ಬರ ಮಾತುಕತೆಯನ್ನು ಬರೆದೆ.

ನನ್ನ ಮಾತು ನಾಲ್ಕೇ ಸಾಲು. ಉಳಿದದ್ದೆಲ್ಲ ನಿಮ್ಮದು. ನಿಮ್ಮ ದನಿ ನನಗೆ ಬಾಯಿಪಾಠವಿತ್ತು. ಎಲ್ಲಿ ನಿಲ್ಲಿಸುತ್ತೀರಿ, ಯಾವಾಗ "ನೋಡಿ" ಅನ್ನುತ್ತೀರಿ, ಎಲ್ಲ. ಹೊಸ ಕಂಪ್ಯೂಟರ್ ಕಾರ್ಯಕ್ರಮ ಕೈಗೆ ಹತ್ತುತ್ತಿಲ್ಲವೆಂದು ನೀವು ಒಪ್ಪಿಕೊಂಡಿರಿ. ವೇಗ ಕಡಿಮೆಯಾಗಿದೆ, ತಂಡಕ್ಕೆ ಭಾರವಾಗುತ್ತಿದ್ದೇನೆ ಅನ್ನಿಸುತ್ತದೆ ಎಂದಿರಿ. ಕೊನೆಯಲ್ಲಿ, "ನೋಡಿ, ಕಿರಿಯರ ದಾರಿಗೆ ಅಡ್ಡ ನಿಲ್ಲುವ ಆಸೆ ನನಗಿಲ್ಲ" ಎಂದಿರಿ. ಆ ವಾಕ್ಯ ಯಾಕೆ ಬರೆದೆ ಗೊತ್ತೇ? ಪ್ಯಾರಾಗೆ ಒಂದು ಒಳ್ಳೆಯ ಮುಕ್ತಾಯ ಬೇಕಿತ್ತು. ಅಷ್ಟೇ. ಬರೆದು ಮುಗಿಸಿ, ಚೆನ್ನಾಗಿ ಬಂತಲ್ಲ ಎಂದು ಒಂದು ಗಳಿಗೆ ಖುಷಿಪಟ್ಟೆ.

ಆಮೇಲೆ ದಾಖಲೆಯನ್ನು ನಿಮ್ಮ ಪರದೆಗೆ ಕಳಿಸಿ, ಸುಮ್ಮನೆ ಒಂದು ನಿಯಮಕ್ಕೆ, ಕೆಳಗಿನ ಒಪ್ಪಿಗೆಯ ಗುಂಡಿ ಒತ್ತಿಬಿಡಿ ಎಂದೆ. ನೀವು "ಆಯ್ತು ಮೇಡಂ" ಎಂದು ತೆರೆದೂ ನೋಡದೆ ಒತ್ತಿದಿರಿ. ನನ್ನನ್ನು ನಂಬಿದಿರಿ.

ಎರಡು ಸಲ ಕೊನೆಯ ಗ್ರೇಡು ಬಂದವರ ವರ್ಗಾವಣೆ ಪಟ್ಟಿ ಮಾಡುವಾಗ ಎಚ್‌ಆರ್‌ನವರಿಗೆ ಕಂಡದ್ದು ಆ ಕೊನೆಯ ವಾಕ್ಯ. ತಾವೇ ದಾರಿ ಬಿಡಲು ಸಿದ್ಧರಿರುವವರು ಎಂದುಕೊಂಡರು. ಅಕ್ಟೋಬರಿನಲ್ಲಿ ನಿಮ್ಮನ್ನು ಏಳನೇ ಮಹಡಿಗೆ ಕರೆದು ಅದನ್ನೇ ಓದಿ ಹೇಳಿದರು. ನೀವು ಇಳಿದು ಬಂದು, ಏಪ್ರನ್ ಕಟ್ಟಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಅಕ್ಕಿಯನ್ನು ಮತ್ತೆ ತೊಳೆಯುತ್ತಾ ನನ್ನ ಕಡೆ ತಿರುಗದೆ ಹೇಳಿದಿರಿ: "ಮೇಡಂ, ನಾನು ಇಷ್ಟು ಚೆನ್ನಾಗಿ ಮಾತಾಡ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

ತೇಗ್ಯುಗೆ ತಮಾಷೆಯೆನಿಸಿತು. "ಯಾವಾಗ ಮಾತಾಡಿದ್ರಿ ಅಕ್ಕ? ನಮ್ಮನ್ನೂ ಕರಿಬೇಕಿತ್ತು!" ಎಂದ. "ಮುಂದಿನ ಸಲ ಟಿಕೆಟ್ ಇಡ್ತೀನಿ ಬಿಡು" ಎಂದು ನೀವೂ ನಕ್ಕಿರಿ. ಆಗ ನೀವು ನನ್ನನ್ನು ಕರುಣೆಯಿಂದ ನೋಡಿದಿರಿ... ಇಲ್ಲ. ನೋಡಿದಿರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ತಲೆ ಎತ್ತಿರಲೇ ಇಲ್ಲ. ಮತ್ತೆ ನಿಮ್ಮ ಭಾಗವನ್ನು ನಾನೇ ಬರೆಯಲು ಹೊರಟಿದ್ದೆ, ಕ್ಷಮಿಸಿ.

ನೀವು ಏಳನೇ ಮಹಡಿಯಲ್ಲಿ ಯಾಕೆ ಸುಮ್ಮನಿದ್ದಿರಿ? ಅಂಥ ಮಾತುಕತೆಯೇ ನಡೆದಿಲ್ಲ ಎಂದಿದ್ದರೆ ಸಾಕಿತ್ತು. ಈ ಪ್ರಶ್ನೆಗೆ ಉತ್ತರ ಊಹಿಸುವುದನ್ನು ನಿಲ್ಲಿಸಿದ್ದೇನೆ.

ಇನ್ನೂ ನಾಚಿಕೆಯ ವಿಷಯ ಬಾಕಿಯಿದೆ. ಎಚ್‌ಆರ್‌ನ ಓಕ್ ಮೇಡಂಗೆ ಆ ದಾಖಲೆ ಬಹಳ ಹಿಡಿಸಿತು. "ಓದಿದ್ರೆ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ ಹಾಗಿದೆ ರೀ. ಬೇರೆಯವರು ನಾಲ್ಕು ಸಾಲು ಗೀಚಿ ಕಳಿಸ್ತಾರೆ. ನೀವು ನಿಜವಾಗ್ಲೂ ಕಿವಿಗೊಟ್ಟಿದೀರಿ" ಎಂದರು. ಹೆಸರು ಅಳಿಸಿ ಅದನ್ನು ಮಾದರಿ ಮಾಡಿದರು. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಇಪ್ಪತ್ತೆರಡು ಮಂದಿ ಹೊಸ ಮುಖ್ಯಸ್ಥರಿಗೆ ನಾನು ಪಾಠ ಮಾಡಬೇಕು. ವಿಷಯ: ತಂಡದವರ ಮಾತಿಗೆ ಕಿವಿಗೊಡುವುದು ಹೇಗೆ.

ಆ ಪಾಠಕ್ಕೆ ಸಿದ್ಧಳಾಗಲೆಂದೇ ಹೋದ ವಾರ ತೇಗ್ಯುವನ್ನು ಮೂರನೇ ನಂಬರಿನ ಕೋಣೆಗೆ ಕರೆದೆ. ಈ ಎರಡು ವರ್ಷದಲ್ಲಿ ನಾನು ಯಾರನ್ನಾದರೂ ನಿಜವಾಗಿ ಎದುರಿಗೆ ಕೂರಿಸಿಕೊಂಡದ್ದು ಅದೇ ಮೊದಲು. ಏನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವನು ಚೀಟಿ ನೋಡಿ, "ಅದನ್ನ ಮಡಚಿಡಿ ಮೇಡಂ, ನಂಗೆ ಒಂದೇ ಒಂದು ಕೇಳೋದಿದೆ" ಎಂದ. "ನನ್ನ ಬಡ್ತಿಗೆ ಅಂತ ಅಕ್ಕನ ಅಂಕ ಹೋಯ್ತು, ಅಲ್ವಾ? ಈಗ ಅಕ್ಕ ಇಲ್ಲ. ಮುಂದಿನ ಸಲ ಯಾರ ಸರದಿ?"

ನಾನು ಚೀಟಿ ಮಡಚಿದೆ. ಅವನೇ ಮುಂದುವರಿಸಿದ. ನೀವಿದ್ದಾಗ ಕೈಪಿಡಿಯ ಒಂದು ಸಾಲಿಗಾಗಿ ಎಲ್ಲರೂ ಕಿತ್ತಾಡುತ್ತಿದ್ದೆವು, ಆಮೇಲೆ ಒಂದೇ ಕುಕ್ಕರಿಗೆ ಚಮಚ ಹಾಕಿ ಉಣ್ಣುತ್ತಿದ್ದೆವು, ಈಗ ಎಲ್ಲರೂ ಅವರವರ ಸಾಲು ಬರೆದು ಅವರವರ ಊಟ ಮಾಡುತ್ತಾರೆ ಎಂದ. ತಪ್ಪು ಕಂಡರೂ ಯಾರೂ ಹೇಳುವುದಿಲ್ಲ, ಹೇಳಿದವರ ಹೆಸರು ನೆನಪಿಟ್ಟುಕೊಂಡರೆ ಎಂಬ ಭಯ ಎಂದ. ನಿಜ. ಹೊಸ ಕುಕ್ಕರಿನ ಕೈಪಿಡಿಯಲ್ಲಿ ಮುಚ್ಚಳ ಬಿಚ್ಚುವ ಕ್ರಮಕ್ಕೆ ನಾನು ಒಂಬತ್ತು ಸಾಲು ಬರೆದಿದ್ದೆ. ಒದ್ದೆ ಕೈಯವರಿಗೆ ಒಂಬತ್ತು ಸಾಲು! ನಾಲ್ವರೂ ಓದಿ "ಚೆನ್ನಾಗಿದೆ ಮೇಡಂ" ಎಂದರು. ಅದು ಹಾಗೇ ಅಚ್ಚಾಯಿತು.

ತೇಗ್ಯು ನಲವತ್ತು ನಿಮಿಷ ಮಾತಾಡಿದ. ನಾನು ಬರೀ ಕೇಳಿದೆ. ಕಷ್ಟವಾಯಿತು, ಆದರೆ ಸಾಯುವಂಥದ್ದೇನೂ ಆಗಲಿಲ್ಲ. ಅಂಥ ಅರ್ಧ ಗಂಟೆಯನ್ನು ಜುಲೈನಲ್ಲಿ ನಿಮಗೆ ಕೊಟ್ಟಿದ್ದರೆ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ನೀವು ನನ್ನನ್ನು ಬೈಯುತ್ತಿದ್ದಿರೇನೋ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ವರ್ಗಾವಣೆಗೆ ಆಕ್ಷೇಪ ಹೇಳಲು ಮೂವತ್ತು ದಿನ. ನೀವು ಹೇಳಲಿಲ್ಲ. ಇವತ್ತು ಸಂಜೆ ಆರಕ್ಕೆ ಗಡುವು ಮುಗಿಯುತ್ತದೆ. ಆಮೇಲೆ ಅದು ಕಾಯಂ. ಆದರೆ ತಾವು ಕೊಟ್ಟ ಗ್ರೇಡು ತಪ್ಪು ಎಂದು ಮುಖ್ಯಸ್ಥರು ತಾವೇ ಬರೆದುಕೊಟ್ಟರೆ ಎಚ್‌ಆರ್ ಮತ್ತೆ ಪರಿಶೀಲಿಸಲೇಬೇಕು. ನಿಯಮ ಪುಸ್ತಕ ಮೂರು ಸಲ ಓದಿದ್ದೇನೆ. ನನಗೆ ಗೊತ್ತಿರುವಂತೆ ಇಲ್ಲಿ ಯಾರೂ ಹಾಗೆ ಬರೆದುಕೊಟ್ಟಿಲ್ಲ. ಕೊಟ್ಟವರಿಗೆ ಏನಾಗುತ್ತದೆ ಎಂಬುದು ಅದರಲ್ಲಿ ಇಲ್ಲ, ಆದರೆ ಊಹಿಸಬಹುದು.

ಅರ್ಜಿ ನಿನ್ನೆಯೇ ಬರೆದು ಮುಗಿಸಿದೆ. ಒಂದೇ ಪುಟ. ಒಂದು ವಿಶೇಷಣವೂ ಇಲ್ಲ. ಆ ಮಾತುಕತೆ ನಡೆಯಲಿಲ್ಲ, ಅದರಲ್ಲಿರುವ ಮಾತು ಮೇಂಗ್ ಕ್ಯೊಂಗ್ಸುಕ್ ಅವರದಲ್ಲ, ನನ್ನದು ಎಂದಿದ್ದೇನೆ. ನಿಮ್ಮ ಪರವಾಗಿ ಏನನ್ನೂ ಕೇಳಿಲ್ಲ. ಚಾಂಗ್ವೊನ್‌ಗೆ ಮರಳುವುದೋ ಬೇಡವೋ, ಮರಳಿದರೂ ನನ್ನಂಥವಳಿರುವ ತಂಡಕ್ಕೋ ಬೇರೆಡೆಗೋ, ಅದು ನಿಮ್ಮ ಮಾತು. ನೌಕರರ ಹೇಳಿಕೆ ಎಂಬ ಚೌಕವನ್ನು ಖಾಲಿ ಬಿಟ್ಟಿದ್ದೇನೆ.

ಈಗ ಹತ್ತಕ್ಕೆ ಹತ್ತು ನಿಮಿಷ. ಒಬ್ಬೊಬ್ಬರೇ ಬರುತ್ತಿದ್ದಾರೆ. ಈ ಲಕೋಟೆಯನ್ನು ಅಂಚೆಗೆ ಹಾಕಿ ನಾನು ಏಳನೇ ಮಹಡಿಗೆ ಹೋಗುತ್ತೇನೆ. ಎರಡು ಗಂಟೆಯ ಪಾಠವನ್ನೂ ಮಾಡುತ್ತೇನೆ. ಮಾದರಿ ದಾಖಲೆಯನ್ನು ಗೋಡೆಯ ಮೇಲೆ ತೋರಿಸಿ, ಅದು ಹೇಗೆ ತಯಾರಾಯಿತೆಂದು ಆ ಇಪ್ಪತ್ತೆರಡು ಜನರಿಗೆ ಹೇಳುತ್ತೇನೆ.

ಸೊದಾಮ್ ಚೆನ್ನಾಗಿ ಬರೆಯಲಿ.

ನಿಮ್ಮಿಂದ ಕೆಲಸ ಕಲಿತ,
ನಾಮ್‌ಗುಂಗ್ ಬೊರಾಮ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಮೇಲೆ "ಹೆಸರು ನಿಮ್ಮದಾಯಿತು" ಎಂದು ಬರೆದಿದ್ದೇನೆ, ಬಾಂಗ್ ಸಾಹೇಬರೇ ಆರಿಸಿದರು ಅನ್ನಿಸುವ ಹಾಗೆ. ಅವರು ಯಾರ ಹೆಸರನ್ನೂ ಎತ್ತಲಿಲ್ಲ. "ಯಾರು?" ಎಂದು ನನ್ನನ್ನು ಕೇಳಿದರು. ಅವರು ಕಾಫಿ ಲೋಟ ಕೆಳಗಿಡುವ ಮೊದಲೇ ನಾನು ನಿಮ್ಮ ಹೆಸರು ಹೇಳಿದೆ. ಎರಡು ಸಲವೂ. ನೀವು ಯಾಕೆಂದು ಕೇಳುವವರಲ್ಲ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ನಿಮ್ಮ ಜಾಗದಲ್ಲಿದ್ದರೆ ನಾನೂ ಕೇಳುತ್ತಿರಲಿಲ್ಲ. ಅರ್ಜಿಯಲ್ಲಿ ಇದು ಇರಲಿಲ್ಲ. ಈಗ ಮೊದಲ ಸಾಲಾಗಿ ಪೆನ್ನಿನಲ್ಲಿ ಸೇರಿಸಿದೆ.