ಐದನೆಯ ಪ್ರಶ್ನೆ

ನೆವಾರ್ಕ್
ಭಾನುವಾರ, 17 ಮೇ 2026

ಸಿಟ್ಟಿನ ಗೆಳತಿ ಚನ್ನಬಸವ್ವನಿಗೆ ಸಣ್ಣತಾಯಮ್ಮನ ನಮಸ್ಕಾರ.

ಹೋದ ಸಲ ಗೆದ್ದವರು ಬಾಡಿಗೆಗೆ ಮಿತಿ ಹಾಕ್ತೀವಿ ಅಂದರು, ಹಾಕಲಿಲ್ಲ. ಅಪಾರ್ಟ್‌ಮೆಂಟಿನ ಗೋಡೆಯ ಬೂಷ್ಟಿಗೆ ಮಾಲೀಕರನ್ನೇ ಹೊಣೆ ಮಾಡ್ತೀವಿ ಅಂದರು, ಮಾಡಲಿಲ್ಲ. ಬೂಷ್ಟಿನ ಮೇಲೇ ಬಣ್ಣ ಬಳಿದು ಹೋದರು. ಡೇಕೇರಲ್ಲಿ ಮಕ್ಕಳ ಮೂಗು ಒರೆಸುವ ಹೆಂಗಸರಿಗೆ ಆರೋಗ್ಯ ವಿಮೆ ಅಂದರು, ಇಲ್ಲ. ಬಸ್ಸು ಹೆಚ್ಚಿಸ್ತೀವಿ ಅಂದರು, ಇದ್ದದ್ದನ್ನೂ ನಿಲ್ಲಿಸಿದರು. ಜಾತಿ ನೋಡಿ ಕೆಲಸದಿಂದ ತೆಗೆಯೋದು ಅಪರಾಧ ಅಂತ ಕಾನೂನಲ್ಲಿ ಜಾತಿಯ ಹೆಸರು ಹಿಡಿದೇ ಬರೀತೀವಿ ಅಂದರು, ಬರೆಯಲಿಲ್ಲ.

ಇವನ್ನೇ ಐದು ಪ್ರಶ್ನೆ ಮಾಡಿ ಅಸೆಂಬ್ಲಿಗೆ ನಿಂತವರ ಮುಂದೆ ಇಡೋಣ ಅಂತ ನಿನ್ನ ಮನೆಯ ಚಾಪೆ ಮೇಲೆ ಕೂತು ಬರೆದವರು ನಾವಿಬ್ಬರೇ. ಈಗ ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀಯ, ನಾನು ಅಡುಗೆ ಮಾಡೋ ನಿನ್ನ ಡೇಕೇರಲ್ಲಿ ಎದುರಾದರೂ ಮುಖ ತಿರುಗಿಸ್ತೀಯ. ಅದಕ್ಕೇ ಈ ಕಾಗದ. ಹರಿಯೋದಾದರೆ ಪೂರ್ತಿ ಓದಿ ಹರಿ.

ಏಪ್ರಿಲ್ ತಿಂಗಳ ಮೊದಲ ಸಭೆಯಲ್ಲಿ ನೀನು ಹೇಳಿದ್ದೇ ಸರಿ. ಇಲ್ಲಿನ ಪ್ರೈಮರಿ, ಅಂದರೆ ಮೊದಲ ಸುತ್ತಿನ ಚುನಾವಣೆಯಲ್ಲಿ, ಎಲ್ಲರೂ ಒಂದೇ ಮತಪತ್ರದಲ್ಲಿ ಇರ್ತಾರೆ. ಪಕ್ಷ ಯಾವುದೇ ಇರಲಿ, ಮೊದಲ ಇಬ್ಬರು ಮಾತ್ರ ನವೆಂಬರಿನ ಕೊನೆಯ ಸುತ್ತಿಗೆ ಹೋಗ್ತಾರೆ. ಮನೆಮಾಲೀಕರ ಕಡೆಯವರು ಇಬ್ಬರು, ನಮ್ಮ ಕಡೆಯವರೂ ಇಬ್ಬರು: ನರ್ಸ್ ಮಾರಿಸೋಲ್, ಮೇಷ್ಟ್ರು ಟ್ರಾನ್. ನಮ್ಮ ಓಟು ಹೋಳಾದರೆ ನವೆಂಬರಲ್ಲಿ ಮಾಲೀಕರ ಈ ಮನುಷ್ಯನೋ ಆ ಮನುಷ್ಯನೋ ಅಂತ ಆರಿಸೋ ಭಾಗ್ಯ ಮಾತ್ರ ನಮಗೆ. ಆದ್ದರಿಂದ ಐದಕ್ಕೂ ಹೌದು ಅಂದವರಿಗೇ ಎಲ್ಲರೂ ಹಾಕಬೇಕು ಅಂತ ತೀರ್ಮಾನ ಆಯಿತು. ಮಾರಿಸೋಲನ್ನು ಕೇಳೋದು ನಮ್ಮ ಬಾಡಿಗೆದಾರರ ಸಂಘದ ಹುಡುಗಿ ಗಾರ್ಗಿಯ ಪಾಲಿಗೆ, ಟ್ರಾನನ್ನು ಕೇಳೋದು ನನ್ನ ಪಾಲಿಗೆ ಬಂತು.

ನಾನು ಮಾರಿಸೋಲ್ ಪರ ಅನ್ನೋದು ಎಲ್ಲರಿಗೂ ಗೊತ್ತು. ಬಾಡಿಗೆ ಮುಷ್ಕರದ ದಿನ ರಾತ್ರಿಪಾಳಿ ಮುಗಿಸಿ ನರ್ಸ್ ಬಟ್ಟೆಯಲ್ಲೇ ಬಂದು ನಮ್ಮ ಜೊತೆ ನಿಂತವಳು ಅವಳು. ನೀನು ಟ್ರಾನ್ ಪರ. ಎರಡನೆಯ ಸಭೆಯಲ್ಲಿ, ಅವರೇ ಗೆಲ್ಲೋ ಕುದುರೆ ಅಂದೆ. ಕುದುರೆ ಬೇಕಾದರೆ ಜಾತ್ರೆಗೆ ಹೋಗು ಅಂದೆ ನಾನು. ಎಲ್ಲರೂ ನಕ್ಕರು, ನೀನೂ ನಕ್ಕೆ. ಆಮೇಲೆ ಗಾರ್ಗಿ, ಮಾರಿಸೋಲ್ ಐದಕ್ಕೂ ಹೌದು ಅಂದಿದ್ದಾರೆ ಅಂದಳು. ನಾನು ಎದ್ದು ನಿಂತು, ಟ್ರಾನ್ ನಾಲ್ಕಕ್ಕೆ ಹೌದು ಅಂದಿದ್ದಾರೆ, ಐದನೆಯದಕ್ಕೆ ಉತ್ತರ ಕೊಟ್ಟಿಲ್ಲ ಅಂದೆ. ಹದಿಮೂರು ಕೈ ಮಾರಿಸೋಲಿಗೆ, ಎಂಟು ಕೈ ಟ್ರಾನಿಗೆ. ನೀನು ಚಹಾದ ಲೋಟ ಕುಕ್ಕಿ, ನಿನಗ ಗೆಲ್ಲೂದು ಬ್ಯಾಡ, ಬಾಯಿ ಮಾಡೂದು ಬೇಕಾಗೈತಿ ಅಂದೆ. ನಿನ್ನ ಮನೆಯಿಂದ ನೀನೇ ಎದ್ದು ಹೊರಗೆ ಹೋದೆ ಮಾರಾಯ್ತಿ!

ಅವತ್ತು ನಾನು ಸುಳ್ಳು ಹೇಳಿದೆ.

ಟ್ರಾನ್ ಉತ್ತರ ಕೊಡಲಿಲ್ಲ ಅನ್ನೋದು ನಿಜ. ಯಾಕೆಂದರೆ ನಾನು ಕೇಳಲೇ ಇಲ್ಲ. ನಿನ್ನ ಡೇಕೇರಿನ ಅಡುಗೆಮನೆಯಿಂದ ಫೋನು ಮಾಡಿದೆ. ಬಾಡಿಗೆ, ಬೂಷ್ಟು, ವಿಮೆ, ಬಸ್ಸು, ನಾಲ್ಕನ್ನೂ ಗಡಗಡ ಕೇಳಿದೆ. ಐದನೆಯದಕ್ಕೆ ಬರುವಾಗ ಬಾಗಿಲಲ್ಲಿ ಎರಡನೇ ಮಗೂನ ಕರೆದುಕೊಂಡು ಹೋಗೋಕೆ ಬಂದ ಆನಂದತೀರ್ಥ ನಿಂತಿದ್ದರು. ಥ್ಯಾಂಕ್ಯೂ ಅಂತ ಫೋನು ಇಟ್ಟುಬಿಟ್ಟೆ. ಮದ್ದೂರಿನ ಸರ್ಕಲ್ಲಲ್ಲಿ ಮೈಕಿಲ್ಲದೆ ಕೂಗಿದ ಗಂಟಲು ಇದು! ಆಮೇಲೆ ನಿನ್ನ ಮೇಲಿನ ಹಟಕ್ಕೆ ನನ್ನ ಹೇಡಿತನವನ್ನು ಅವರ ತಪ್ಪು ಮಾಡಿ ಹೇಳಿದೆ. ಊರಿನ ಚಳವಳಿಯಲ್ಲಿ ಇಂಥದ್ದು ಮಾಡಿದವರನ್ನು ನಾವು ಹತ್ತಿರ ಸೇರಿಸ್ತಿರಲಿಲ್ಲ.

ಈಗ ನಿನ್ನ ಡೇಕೇರಿಗೆ ಮಕ್ಕಳನ್ನು ಕಳಿಸೋ ಮನೆಗಳೆಲ್ಲ ಟ್ರಾನಿಗೆ, ಉಳಿದ ಮನೆಗಳು ಮಾರಿಸೋಲಿಗೆ ಅಂತ ಗಾರ್ಗಿ ಹೇಳಿದಳು. ಜೂನ್ ಎರಡಕ್ಕೆ ಚುನಾವಣೆ. ಅಂಚೆಯಲ್ಲಿ ಹಾಕಿ ಕಳಿಸೋ ಮತಪತ್ರ ಮನೆಗೆ ಬಂದು ಹತ್ತು ದಿನ ಆಯಿತು. ಮಾಲೀಕರ ಕಡೆಯ ಅಭ್ಯರ್ಥಿಗಳ ಮಿರಮಿರ ಕಾಗದ ದಿನಾ ಅಂಚೆಪೆಟ್ಟಿಗೆಯಲ್ಲಿ ತುಂಬಿರುತ್ತೆ. ನಾವಿಬ್ಬರು ಮಾತು ಬಿಟ್ಟರೆ ಅವರಿಗೆ ಪ್ರಚಾರವೇ ಬೇಕಿಲ್ಲ.

ಗುರುವಾರ ಕೆರೆಯ ಪಾರ್ಕಿನ ಬೆಂಚಲ್ಲಿ ಕೂತು ಟ್ರಾನಿಗೆ ಮತ್ತೆ ಫೋನು ಮಾಡಿದೆ. ಐದನೆಯದನ್ನು ಕೇಳಿದೆ. ಇಲ್ಲೂ ಅದು ಇದೆಯಾ ಅಂದರು. ವಿಮಾನ ಹತ್ತುವಾಗ ಪೆಟ್ಟಿಗೆ ತೂಗ್ತಾರೆ, ತಲೆಯಲ್ಲಿ ಇರೋದನ್ನು ಯಾರೂ ತೂಗಲ್ಲ ಸಾರ್ ಅಂತ ಜೋರು ಮಾಡಿದೆ. ಅರ್ಧ ಗಂಟೆ ಕೇಳಿಸಿಕೊಂಡರು. ತಿಳಿದಿರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಂದರು. ಬಾಯಿಮಾತು ಬೇಡ, ಬರೆದು ಕೊಡಿ ಅಂದೆ. ಸಂಜೆಗೆ ಸಹಿ ಹಾಕಿ ಕಳಿಸಿದರು. ಅದರ ಪ್ರತಿ ಇದರ ಜೊತೆ ಇದೆ. ಮೂವತ್ತು ವರ್ಷ ಬೀದಿಯಲ್ಲಿ ಕೂಗಿದವಳಿಗೆ ಒಂದು ಫೋನಿಗೆ ಸಿಕ್ಕ ಉತ್ತರ ಅದು. ಬೆಂಚಿನ ಮೇಲೆ ಕೂತು ಹುಚ್ಚಿಯ ಹಾಗೆ ನಕ್ಕೆ ಚನ್ನೀ.

ಇಬ್ಬರೂ ಐದಕ್ಕೂ ಹೌದು ಅಂದಂತಾಯಿತು. ಹಾಗಾಗಿ ಹಳೇ ತೀರ್ಮಾನ ರದ್ದು. ಶನಿವಾರ ಐದು ಗಂಟೆಗೆ ನಮ್ಮ ಮನೆಯಲ್ಲಿ ಸಭೆ ಕರೆದಿದ್ದೇನೆ. ಮೊದಲು ನನ್ನ ಸುಳ್ಳು ಒಪ್ಪಿಕೊಳ್ತೀನಿ, ಆಮೇಲೆ ಕೈ ಎತ್ತಲಿ. ಎಣಿಸೋಳು ಗಾರ್ಗಿ, ನಾನಲ್ಲ. ಸಭೆ ಟ್ರಾನ್ ಅಂದರೆ ಟ್ರಾನ್ ಹೆಸರಿನ ಬೋರ್ಡು ಹಿಡಿದು ಮನೆಮನೆ ಬಾಗಿಲು ಬಡೀತೀನಿ. ಮಾರಿಸೋಲ್ ಅಂದರೆ ನೀನು ಬಡೀಬೇಕು. ಅಲ್ಲಿವರೆಗೆ ನಿನ್ನ ಕಡೆಯವರು ಮತಪತ್ರದ ಲಕೋಟೆ ಅಂಟಿಸದ ಹಾಗೆ ನೋಡಿಕೋ. ನಾನೂ ನನ್ನದನ್ನು ಇನ್ನೂ ತೆರೆದೇ ಇಟ್ಟಿದ್ದೇನೆ.

ತಪ್ಪು ಮಾಡಿದ, ಆದರೂ ನಿನ್ನವಳೇ ಆದ,
ಸಣ್ಣತಾಯಮ್ಮ

ಮರೆತದ್ದಲ್ಲ, ಬರೆಯೋಕೆ ಧೈರ್ಯ ಸಾಲದೆ ಉಳಿದದ್ದು: ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅದೇ ಆನಂದತೀರ್ಥ, ಅಡುಗೆಯವರು ಯಾವ ಜನ ಅಂತ ಕೇಳಿದ್ದರು. ಮಂಡ್ಯದೋರು, ಗೌಡ್ರು ಇರಬೇಕು ಅಂತ ನೀನು ನಗ್ತಾ ಅಂದೆ. ನಾನು ರವೆ ಹುರೀತಾ ಸುಮ್ಮನಿದ್ದೆ. ಆರು ವರ್ಷ ಸುಮ್ಮನಿದ್ದೆ. ನಾನು ಹೊಲಗೇರಿಯಲ್ಲಿ ಹುಟ್ಟಿದವಳು, ಚನ್ನೀ. ಟ್ರಾನಿಗೆ ಗುರುವಾರ ಹೇಳಿದೆ, ಸಭೆಗೆ ಶನಿವಾರ ಹೇಳ್ತೀನಿ. ನಡುವೆ ನಿನಗೆ ಹೇಳದಿದ್ದರೆ ನಾನು ಎಂಥ ಗೆಳತಿ? ಕೇಳಿದ ಮೇಲೂ ನನ್ನ ಕೈಯಡುಗೆ ಬೇಕು ಅನ್ನಿಸಿದರೆ ಊಟಕ್ಕೆ ಬಾ. ಇಬ್ಬರೇ ಉಂಡು, ಆಮೇಲೆ ಒಟ್ಟಿಗೆ ಸಭೆಗೆ ಕೂರೋಣ. ಶನಿವಾರ, ಮೇ 23, ಮಧ್ಯಾಹ್ನ ಒಂದು ಗಂಟೆ.