ಸೆಜಿಮ್‌ಗಾಗಿ ತಂದ ಮೊಲ

ಕರಾಕೋಲ್ ಪಕ್ಕದ ನಮ್ಮ ಹಳ್ಳಿಯಿಂದ
ಸೆಪ್ಟೆಂಬರ್ ೧೨

ಪ್ರೀತಿಯ ಗೆಳತಿ ಕುಲೀಪಾ,

ಹೇಗಿದ್ದೀಯೇ? ನಿನ್ನ ಮೊಣಕಾಲು ಹೇಗಿದೆ? ಮನೆಯವರು, ಮಕ್ಕಳು, ದನಕರು ಎಲ್ಲ ಸೌಖ್ಯವೇ? ನೀನು ಜುಲೈನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ನಾನು ಕಿರುಚಿ ಹೇಳುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿರುತ್ತದೆ. ಇದು ಬೀದಿಗೆ ಗೊತ್ತಾಗಬೇಕಾದ ವಿಷಯವಲ್ಲ. ನಾರಿನ್ ಕಡೆಗೆ ಹೋಗುವ ವ್ಯಾನಿನವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ, ಜೊತೆಗೆ ಒಂದು ಡಬ್ಬಿ ಏಪ್ರಿಕಾಟ್ ಮುರಬ್ಬ. ಡಬ್ಬಿ ವಾಪಸು ಕಳಿಸು.

ಇಲ್ಲಿ ಆಲೂಗಡ್ಡೆ ಅಗೆಯುವ ಕೆಲಸ ನಡೆದಿದೆ. ಕಿರಿಯ ಮಗ, ಅವನ ಹೆಂಡತಿ, ಅವಳ ತಮ್ಮಂದಿರು ಎಲ್ಲ ಸೇರಿ ಮನೆ ಸಂತೆಯಾಗಿದೆ. ಎಲ್ಲರಿಗೂ ಬೇಯಿಸಿ ಹಾಕುತ್ತೇನೆ, ನನಗೆ ಮಾತ್ರ ಒಂದು ತುತ್ತು ಇಳಿಯುವುದಿಲ್ಲ. ಹೊಟ್ಟೆಯ ರೋಗವಲ್ಲ, ಹೇಸಿಗೆ. ಪೇಟೆಯಿಂದ ಬಂದಾಗಿನಿಂದ ಏನು ಬಾಯಿಗಿಟ್ಟರೂ ಮೊಲದ ಉಚ್ಚೆಯ ವಾಸನೆ.

ಮೊದಲಿನಿಂದ ಹೇಳುತ್ತೇನೆ. ಆಗಸ್ಟ್‌ನಲ್ಲಿ ಬಿಷ್ಕೆಕ್‌ನಿಂದ ಹಿರಿಯ ಸೊಸೆ ಮೀರ್‌ಗುಲ್ ಫೋನು ಮಾಡಿದಳು. ಆ ಹುಡುಗಿಯ ದನಿ ಯಾವಾಗಲೂ ಸಕ್ಕರೆ ಪಾಕ, ಅವತ್ತು ಇನ್ನೂ ಒಂದೆಳೆ ಹೆಚ್ಚೇ ಇತ್ತು.

"ಅತ್ತೆ, ಸೆಜಿಮ್‌ನ ಈ ವರ್ಷ ಇಲ್ಲೇ ಒಂದನೇ ಕ್ಲಾಸಿಗೆ ಸೇರಿಸ್ತಿದೀವಿ. ಹೆಸರೂ ಬರೆಸಿ ಆಯ್ತು. ಬಂದವಳು ನಿಮ್ಮನ್ನ ನೆನೆಸ್ಕೊಂಡು ಅಳ್ತಾಳೆ ಅಂತ ಒಂದು ಮೊಲ ತರ್ತಿದೀವಿ. ಆದ್ರೆ ಪ್ರಾಣಿ ಸಾಕಿ ನಮಗೆ ಗೊತ್ತಿಲ್ವಲ್ಲ. ನೀವು ಮುಂಚೆ ಬಂದು ಅದಕ್ಕೊಂದು ಮನೆ ಮಾಡಿಕೊಡಿ. ಮಾವ ಆಮೇಲೆ ಸೆಜಿಮ್‌ನ ಕರ್ಕೊಂಡು ಬರ್ಲಿ."

ನೋಡಿದೆಯಾ ಕುಲೀಪಾ? ನನ್ನ ಮಗಳನ್ನು ನನ್ನಿಂದ ಬಿಡಿಸಲು ಒಂದು ಮೊಲ. ಆ ಮೊಲಕ್ಕೆ ಮನೆ ಕಟ್ಟಿಕೊಡಲು ನಾನು.

ನನ್ನ ಮಗಳು ಎಂದೆ, ಹೌದು. ಮೊದಲ ಮೊಮ್ಮಗು ಅಜ್ಜ ಅಜ್ಜಿಯ ಮಗು ಎಂದು ನಿನಗೆ ಹೇಳಿಕೊಡಬೇಕೇ? ಸೆಜಿಮ್ ಏಳು ವರ್ಷ ನನ್ನನ್ನು ಅವ್ವ ಎಂದಳು. ಹೆತ್ತ ಮೀರ್‌ಗುಲ್‌ಳನ್ನು ಮನೆಯವರೆಲ್ಲ ಕರೆಯುವ ಹಾಗೆ ಅತ್ತಿಗೆ ಎಂದಳು, ಹೆತ್ತಪ್ಪ ಎರ್ಮೆಕ್‌ನನ್ನು ಅಣ್ಣ ಎಂದಳು. ಹಬ್ಬಕ್ಕೆ ಅವರಿಬ್ಬರು ಬಂದರೆ ನೆಂಟರು ಬಂದ ಹಾಗೆ ನನ್ನ ಸೆರಗಿನ ಹಿಂದೆ ನಿಂತು ನೋಡುತ್ತಿದ್ದಳು. ಎರ್ಮೆಕ್ ಕೂಡ ನನ್ನ ಮೊದಲ ಮಗನೇ, ಅವನನ್ನು ನನ್ನ ಅತ್ತೆ ಒಯ್ದು ಸಾಕಿದರು. ಆಗ ನನ್ನ ಎದೆಯ ಹಾಲು ಹಿಂಡಿ ಚೆಲ್ಲಿದವಳು ನೀನೇ. ಮುದುಕಿ ತೀರಿಕೊಂಡು ಎಷ್ಟು ವರ್ಷವಾಯಿತು, ಆದರೂ ಅವನ ಬಾಯಲ್ಲಿ ನಾನು ಇವತ್ತಿಗೂ ಅತ್ತಿಗೆ. ನಾನು ತುಟಿಪಿಟಕ್ಕೆನ್ನಲಿಲ್ಲ. ನನಗೂ ಸರದಿ ಬರುತ್ತದೆ ಎಂದು ಕಾದೆ. ಬಂತು. ಈಗ ನೋಡಿದರೆ ಪದ್ಧತಿಯೇ ಹಳೆಯದಾಯಿತಂತೆ.

ನಾನು ಹೋಗುವುದಿಲ್ಲ ಎಂದು ನಮ್ಮನೆಯವರಿಗೆ ಹೇಳಿದೆ. ಅವರು ಚಹಾ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ನೀನು ಹೋಗದೇ ಇದ್ರೂ ಮಗು ಹೋಗುತ್ತೆ ಕಣೇ. ನೀನು ಹೋದ್ರೆ ಮೊಲ ಆದ್ರೂ ಬದುಕುತ್ತೆ" ಎಂದರು. ಆಮೇಲೆ ಕೊಟ್ಟಿಗೆಗೆ ಹೋಗಿ ಪಾಪ್ಲರ್ ಹಲಗೆ ಆರಿಸಿ, ಮೊಲ ಅವಿತುಕೊಳ್ಳಲು ಒಂದು ಗೂಡು ಮಾಡತೊಡಗಿದರು. "ಹೊಟ್ಟೆಗೂ ಆಗದ, ಹೊರೆಗೂ ಆಗದ ಪ್ರಾಣಿಗೆ ಮನೆ ಕಟ್ಟಿದ್ದು ನಮ್ಮ ವಂಶದಲ್ಲಿ ನಾನೇ ಮೊದಲು" ಎಂದು ಅವರೇ ನಕ್ಕರು. ಗೂಡು ಮಾತ್ರ ಚೆನ್ನಾಗಿಯೇ ಮಾಡಿದರು, ಒಳಗೆ ಒಂದು ಮೊಳೆಯ ತುದಿಯೂ ಕೈಗೆ ಸಿಗದ ಹಾಗೆ. ಅದನ್ನು ನೋಡಿ ನನಗೆ ಅವರ ಮೇಲೂ ಸಿಟ್ಟು ಬಂತು.

ಗೂಡು, ನಮ್ಮ ಮೇಲಿನ ಹುಲ್ಲುಗಾವಲಿನ ಒಂದು ಚೀಲ ಒಣಹುಲ್ಲು, ಇಷ್ಟನ್ನು ಹೊತ್ತುಕೊಂಡು ಹೋದೆ. ಮನೆ ನಾಲ್ಕನೇ ಮಹಡಿಯಲ್ಲಿ. ಮಾರನೆಯ ದಿನ ಮೀರ್‌ಗುಲ್ ಸಾಕುಪ್ರಾಣಿಗಳ ಅಂಗಡಿಗೆ ಕರೆದೊಯ್ದಳು. ನೀನು ಅಂಥದ್ದನ್ನು ನೋಡಿಲ್ಲ, ನೋಡಲೂ ಬೇಡ. ಹುಲ್ಲನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಮೂಸಿದೆ, ಎರಡು ಚಳಿಗಾಲ ಹಿಂದಿನ ಹುಲ್ಲು, ಬರೀ ಧೂಳು, ನಮ್ಮ ಕತ್ತೆಗೆ ಹಾಕಿದರೆ ಮುಖ ತಿರುಗಿಸುತ್ತದೆ. ಉಚ್ಚೆ ಹೀರಲು ಮರದ ಹೊಟ್ಟಿನ ಗುಳಿಗೆ, ಮೂಲೆಗೆ ಇಡುವ ತಟ್ಟೆ, ನೆಕ್ಕಿದರೆ ಹನಿ ಬೀಳುವ ನೀರಿನ ಬಾಟಲಿ, ಮೈ ಬಾಚಲು ಬಾಚಣಿಗೆ, ಉಗುರು ಕತ್ತರಿಸುವ ಕತ್ತರಿ, ಕಡಿದು ಹಲ್ಲು ಸವೆಸಿಕೊಳ್ಳಲು ವಿಲೋ ಕಡ್ಡಿಯ ಉಂಗುರ. ನನಗೆ ಮದುವೆಯಲ್ಲಿ ಇಷ್ಟು ಸಾಮಾನು ಕೊಟ್ಟಿರಲಿಲ್ಲ.

ಅಂಗಡಿಯ ಹುಡುಗಿ ಹುಬ್ಬು ಬಳಿದುಕೊಂಡಿದ್ದಳು. ಮೊಲ ಸಾಕುವುದು ಹೇಗೆಂದು ನನಗೆ ಪಾಠ ಹೇಳಿದಳು. "ಮನೆಗೆ ಬಂದ ಕೂಡ್ಲೆ ಎತ್ಕೊಳ್ಬೇಡಿ ಅಜ್ಜಿ. ಹೊಸ ಜಾಗ ಅಂದ್ರೆ ಅದಕ್ಕೆ ಎದೆ ನಡುಗುತ್ತೆ. ಅಮ್ಮನ ಹತ್ರ ಇದ್ದ ಹುಲ್ಲಲ್ಲೇ ಒಂದು ಹಿಡಿ ಹೊಸ ಗೂಡಿಗೂ ಹಾಕಿ, ಹಳೇ ವಾಸನೆ ಇದ್ರೆ ಸಮಾಧಾನ ಆಗುತ್ತೆ. ಜೋರಾಗಿ ಮಾತಾಡ್ಬೇಡಿ. ಅದಾಗೇ ನಿಮ್ಮ ಹತ್ರ ಬರೋ ತನಕ ಕಾಯಿರಿ." ಮೀರ್‌ಗುಲ್ ದೇವರ ಮಾತು ಕೇಳುವ ಹಾಗೆ ಕಣ್ಣರಳಿಸಿ ತಲೆಯಾಡಿಸುತ್ತಿದ್ದಳು. ನನಗೆ ಅಲ್ಲೇ ಉಗುಳುವಷ್ಟು ಅಸಹ್ಯವಾಯಿತು. ಒಂದು ಮೊಲದ ಎದೆ ನಡುಗೀತೆಂದು ಇಷ್ಟು ಕಾಳಜಿ. ಏಳು ವರ್ಷದ ಮಗುವಿನ ಎದೆಗೆ ಶಾಲೆಯ ಚೀಲ ಒಂದು ಸಾಕು ಇವರಿಗೆ.

ಆದರೂ ಕೆಲಸ ಮಾಡಿದೆ. ನನ್ನ ಕೈಗಳ ಮೇಲೆ ನನಗೇ ಹೇಸಿಗೆ, ಪ್ರಾಣಿಯ ಕೆಲಸವನ್ನು ಕೆಟ್ಟದಾಗಿ ಮಾಡಲು ಅವಕ್ಕೆ ಬರುವುದಿಲ್ಲ. ಗಾಜು ಹಾಕಿದ ಬಾಲ್ಕನಿಯನ್ನು ಮೂರು ಸಲ ತೊಳೆದೆ. ಕಡಿಯದ ಹಾಗೆ ಕರೆಂಟಿನ ತಂತಿಗಳಿಗೆಲ್ಲ ರಬ್ಬರ್ ಕೊಳವೆ ತೊಡಿಸಿದೆ. ನುಣ್ಣನೆ ನೆಲದಲ್ಲಿ ಕಾಲು ಜಾರುತ್ತದೆಂದು ಹಳೆಯ ಉಣ್ಣೆ ಜಮಖಾನೆಯ ತುಂಡು ಹಾಸಿದೆ. ಕೊಂಡು ತಂದ ಹುಲ್ಲನ್ನು ಕಸಕ್ಕೆ ಸುರಿದು ನಮ್ಮ ಹುಲ್ಲು ತುಂಬಿದೆ. ಬೇಟೆಗಾರನಿಗೆ ಬಲೆ ಹೆಣೆದುಕೊಟ್ಟ ಹಾಗೆ.

ಕೊನೆಗೆ, ಯಾವ ಹೊಸ ಮನೆಗಾದರೂ ಕೊಟ್ಟಿಗೆಗಾದರೂ ಮಾಡುವ ಹಾಗೆ, ಬೆಟ್ಟದಿಂದ ತಂದ ಅರ್ಚಾ ಮರದ ಕಡ್ಡಿ ಹೊತ್ತಿಸಿ ಗೂಡಿನ ಸುತ್ತ ಧೂಪ ಆಡಿಸಿದೆ. ಮೀರ್‌ಗುಲ್ ಅಡುಗೆಮನೆಯಿಂದ ಓಡಿಬಂದಳು.

"ಅಯ್ಯೋ, ಏನು ಮಾಡ್ತಿದೀರಿ ಅತ್ತೆ? ಹೊಗೆ ಕುಡಿದ್ರೆ ಮೊಲ ಸತ್ತೇ ಹೋಗುತ್ತೆ."

"ಮೊಲ ಇನ್ನೂ ಬಂದೇ ಇಲ್ವಲ್ಲೇ."

"ವಾಸನೆ ಉಳಿಯುತ್ತೆ. ಅದರ ಶ್ವಾಸಕೋಶ ಸೂಕ್ಷ್ಮ ಅಂತೆ."

"ನಿನ್ನ ಗಂಡನ ತೊಟ್ಟಿಲಿಗೂ ಇದೇ ಹೊಗೆ ಹಾಕಿದ್ದು. ಅವನ ಶ್ವಾಸಕೋಶ ಏನಾಗಿದೆ? ಗೊರಕೆ ಕೇಳ್ಸಲ್ವಾ ನಿಂಗೆ?"

ಅವಳು ಕಿಟಕಿಗಳನ್ನೆಲ್ಲ ತೆರೆದು ಟವೆಲ್ ಬೀಸುತ್ತ ನಿಂತಳು, ನಾನು ಒಳಗೆ ಕರೆದದ್ದು ದೆವ್ವವನ್ನೋ ಎಂಬಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳು. ನಿಜಕ್ಕೂ ಮೊಲ ಹಿಡಿದರೆ ಕೇಳಬೇಕೇ.

ಮೊಲ ಬಂತು. ಬೂದು ಬಣ್ಣ, ಜೋಲು ಕಿವಿ, ಯಾವಾಗಲೂ ಏನೋ ಜಗಿಯುವ ಮೂಗು. ಎರಡನೆಯ ಬೆಳಿಗ್ಗೆ ಅದು ತನ್ನ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡೆ. ಆಣೆಯಾಗಿ ಹೇಳುತ್ತೇನೆ, ಬಗ್ಗಿ ತಿಂದಿತು. ಎರ್ಮೆಕ್‌ನನ್ನು ಕರೆದು ತೋರಿಸಿದರೆ ಅವನು ಮೊಬೈಲಿನಲ್ಲಿ ಓದಿ, "ಮೆತ್ತಗಿರೋದನ್ನ ತಿನ್ಲೇಬೇಕಂತೆ ಅತ್ತಿಗೆ, ತಿನ್ನದಿದ್ರೇನೇ ಕಾಯಿಲೆ" ಎಂದ. ಹಿಕ್ಕೆ ತಿನ್ನುವ ಪ್ರಾಣಿ ಕೊಟ್ಟು ನನ್ನ ಮಗುವನ್ನು ಕೊಳ್ಳುತ್ತಿದ್ದಾರಲ್ಲ ಎಂದು ಅವತ್ತು ನಾನು ಬೆಳಗಿನ ಚಹಾ ಕೂಡ ಕುಡಿಯಲಿಲ್ಲ.

ಅದು ಬಂದ ದಿನದ ಒಂದು ಮಾತು ಉಳಿಯಿತು. ಮಾರಿದವರು ಹಳೆಯ ಗೂಡಿನ ಹುಲ್ಲನ್ನು ಕಾಗದದ ಚೀಲದಲ್ಲಿ ಕಟ್ಟಿಕೊಟ್ಟಿದ್ದರು. ಮೀರ್‌ಗುಲ್ ಅದನ್ನು ಹೊಸ ಗೂಡಿನೊಳಗೆ ಎಷ್ಟು ಮೆತ್ತಗೆ ಹರಡುತ್ತಿದ್ದಳೆಂದರೆ ನನಗೆ ತಡೆಯಲಾಗಲಿಲ್ಲ. "ಮೊಲಕ್ಕೆ ಮಾಡೋ ಉಪಚಾರ ನೋಡು. ಮಗೂನ ಮಾತ್ರ ಆಲೂಗಡ್ಡೆ ಮೂಟೆ ಥರ ತರಿಸ್ಕೊಳ್ತೀರಿ" ಎಂದೆ.

ಅವಳು ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. "ನೀವು ಒಯ್ದಾಗ ಅವಳಿಗೆ ಹಲ್ಲೂ ಬಂದಿರ್ಲಿಲ್ಲ ಅತ್ತೆ. ನನ್ನ ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದು ನೀವೇ. ನಾನು ಏನಾದ್ರೂ ಅಂದ್ನಾ?"

ಕೇಳಿದೆಯಾ? ಮದುವೆಯಾಗಿ ಬಂದಂದಿನಿಂದ ನನ್ನ ಮುಂದೆ ಬೆನ್ನು ತಿರುಗಿಸಿ ನಡೆಯದ ಹುಡುಗಿ. ನನ್ನ ಮೈಯೆಲ್ಲ ಉರಿಯಿತು. ಬಟ್ಟೆ ಬಿಗಿಯದಿದ್ದರೆ ಎದೆ ಕಟ್ಟಿ ಜ್ವರ ಬರುತ್ತಿತ್ತು, ನಿನ್ನ ಒಳ್ಳೆಯದಕ್ಕೇ ಕಟ್ಟಿದ್ದು ಎಂದೆ. "ಹೌದು ಅತ್ತೆ" ಎಂದಳು, ಅಷ್ಟೇ. ಆ ಹೌದಿಗಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ಎರ್ಮೆಕ್ ಬಾಗಿಲಲ್ಲಿ ನಿಂತು, "ಸಾಕು ಬಿಡು ಅತ್ತಿಗೆ" ಎಂದ. ಹೆತ್ತ ಮಗ ನನಗೆ ಹೇಳಿದ್ದು ಅದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಾನು ಸೊಸೆಯಾಗಿದ್ದಾಗ ಅತ್ತೆಯರ ಕಾಲ, ಅತ್ತೆಯಾದಾಗ ಸೊಸೆಯರ ಕಾಲ. ನನ್ನ ಕಾಲ ಯಾವ ದಾರಿಯಲ್ಲಿ ಹೋಯಿತೋ ಕಾಣಲೇ ಇಲ್ಲ.

ಆಮೇಲೆ ನಮ್ಮನೆಯವರು ಸೆಜಿಮ್‌ಳನ್ನು ಕರೆತಂದರು. ಬಿಟ್ಟು, ಆಲೂಗಡ್ಡೆಯ ನೆವ ಹೇಳಿ, ಮಾರನೆಯ ದಿನವೇ ಊರಿಗೆ ಓಡಿದರು. ಗಂಡಸರಿಗೆ ಯಾವಾಗಲೂ ಒಂದು ಬೆಳೆ ಅಗೆಯುವುದು ಬಾಕಿ ಇರುತ್ತದೆ. ಶಾಲೆ ಶುರುವಾದ ದಿನ ಸೆಜಿಮ್ ತಲೆಗಿಂತ ದೊಡ್ಡ ಬಿಳಿ ರಿಬ್ಬನ್ ಕಟ್ಟಿಕೊಂಡು, ಹೂಗುಚ್ಛ ಹಿಡಿದು ಹೋದಳು. ಇನ್ನೊಂದು ವಾರ ಇದ್ದು ನಾನು ಊರಿಗೆ ಬಂದೆ. ಅಷ್ಟೇ. ಇನ್ನು ಬರೆಯಲು ಮನಸ್ಸಿಲ್ಲ.

ನೀನು ಮೊಣಕಾಲಿಗೆ ಕುರಿಯ ಬಾಲದ ಕೊಬ್ಬು ಬೆಚ್ಚಗೆ ಮಾಡಿ ಹಚ್ಚು, ಡಾಕ್ಟರ ಮುಲಾಮು ನಂಬಬೇಡ. ಚಳಿ ಬೀಳುವ ಮೊದಲು ಒಮ್ಮೆ ಬಂದುಹೋಗು, ಹಿಟ್ಟು ನಾದಿ ಬೌರ್ಸೋಕ್ ಕರಿದಿಡುತ್ತೇನೆ. ನಿನ್ನ ಒಲೆ ಆರದಿರಲಿ, ನಿನ್ನ ಮಕ್ಕಳು ನಿನ್ನ ಕಣ್ಣೆದುರಿಗಿರಲಿ, ಕೊಟ್ಟಿಗೆ ತುಂಬಿರಲಿ. ಮುರಬ್ಬದ ಡಬ್ಬಿ ಮರೆಯಬೇಡ.

ಇತಿ ನಿನ್ನ
ಬುರುಲ್

ಕಾಗದ ಮಡಿಚಿದ ಮೇಲೆ:

ಮತ್ತೆ ಬಿಡಿಸಿದ್ದೇನೆ. ನಿನಗೂ ಹೇಳದಿದ್ದರೆ ಇನ್ಯಾರಿಗೆ ಹೇಳಲಿ. ಮೊಲ ಪೇಟೆಯಲ್ಲಿಲ್ಲ, ಇಲ್ಲಿದೆ. ನಾನು ಇದನ್ನು ಬರೆಯುವಾಗ ಒಲೆಯ ಪಕ್ಕ ಕೂತು ಕೋಸಿನ ಎಲೆ ಜಗಿಯುತ್ತಿದೆ.

ಸೆಜಿಮ್ ಅಳಲಿಲ್ಲ ಕುಲೀಪಾ. ಒಂದು ದಿನವೂ ಅಳಲಿಲ್ಲ. ಮೊಲದ ಅಗತ್ಯವೇ ಬೀಳಲಿಲ್ಲ. ಬಂದ ಮೂರನೆಯ ದಿನ ಊಟಕ್ಕೆ ಕೂತಾಗ ಮೀರ್‌ಗುಲ್‌ಳನ್ನು ಅಮ್ಮ ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತಿನ ಹಾಗೆ ಸಲೀಸಾಗಿ ಬಂತು. ಮೀರ್‌ಗುಲ್ ಕೈಯ ಸೌಟು ಹಾಗೇ ಹಿಡಿದುಕೊಂಡು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಹೊರಡುವ ದಿನ ಎಲ್ಲರೂ ಬಸ್ ನಿಲ್ದಾಣಕ್ಕೆ ಬಂದರು. ಮೊಲವಿದ್ದ ಪಂಜರವನ್ನು ಸೆಜಿಮ್ ಎರಡೂ ಕೈಯಲ್ಲಿ ಹೊತ್ತು ತಂದಿದ್ದಳು.

"ಅಜ್ಜಿ, ಇದನ್ನ ನೀನು ಕರ್ಕೊಂಡು ಹೋಗು" ಎಂದಳು.

ಅಜ್ಜಿ ಎಂದಳು. ನಾನು ಅದನ್ನು ಕೇಳಿಸಿಕೊಳ್ಳದವಳ ಹಾಗೆ, "ನಿನಗೆ ಅಂತ ತಂದಿದ್ದಲ್ವೇ ಇದು?" ಎಂದೆ.

"ನಂಗೆ ಅಮ್ಮ ಇದಾಳೆ. ಇದಕ್ಕೆ ಇಲ್ಲ, ಅದರ ಅಮ್ಮನ ಹತ್ರದಿಂದ ತಂದ್ಬಿಟ್ಟಿದಾರೆ. ಅಂಥವರನ್ನ ನೀನು ಚೆನ್ನಾಗಿ ಸಾಕ್ತೀಯಲ್ಲ."

ಹೇಳಿ ನನ್ನ ಕತ್ತು ತಬ್ಬಿ ಮುತ್ತು ಕೊಟ್ಟಳು. ಮಗು ಅಪ್ಪಟ ಪ್ರೀತಿಯಿಂದಲೇ ಹೇಳಿತು. ಮೀರ್‌ಗುಲ್ ಬೇರೆ ಕಡೆ ನೋಡಿದಳು. ಹೆಣ್ಣು ಮದುವೆಯಾಗಿ ಮನೆ ಬಿಟ್ಟು ಹೋಗುವಾಗ ಗಂಡಿನ ಕಡೆಯವರು ಹಾಲಿನ ಋಣವೆಂದು ಅವಳ ತಾಯಿಗೆ ಕುದುರೆಯನ್ನೋ ಹಸುವನ್ನೋ ಕಟ್ಟುತ್ತಾರಲ್ಲ. ಹಾಲು ಕೊಟ್ಟವಳು ನಾನಲ್ಲ, ಆದ್ದರಿಂದ ಮೊಲ ಕಟ್ಟಿದರು. ನಾನು ಪಂಜರ ಇಸಿದುಕೊಂಡು ವ್ಯಾನು ಹತ್ತಿದೆ.