ಕಂಪ್ಯೂಟರ್ ಖರ್ಚು: ಸೊನ್ನೆ

ಪ್ರೀತಿಯ ರಘು ಮಾವ,

ಕೊರೋನಾ ನಿಯಮದಿಂದಾಗಿ ನಿಮ್ಮ ಅಂತ್ಯಕ್ರಿಯೆಗೆ ಒಳಗೆ ಬಿಟ್ಟದ್ದು ಕೆಲವರನ್ನು ಮಾತ್ರ. ಉಳಿದ ನಾವೆಲ್ಲ ಮನೆಯಲ್ಲೇ ಕೂತು ವಿಡಿಯೋದಲ್ಲಿ ನೋಡುತ್ತಿದ್ದೆವು. ನಡುವೆ ಚಿತ್ರ ನಿಂತುಹೋಯಿತು. ಈ ಪರದೇಶದ ನಮ್ಮ ಕನ್ನಡಿಗರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಲೈಡನ್ ಊರಿನ ಸರೋಜಕ್ಕ ಬರೆದರು, 'ರಘುವಿಗೆ ಫೋನ್ ಮಾಡಿ, ಅವ ಸರಿ ಮಾಡ್ತಾನೆ.' ಅಭ್ಯಾಸಬಲ, ಪಾಪ.

ಮೊದಲ ಲಾಕ್‌ಡೌನಿನಲ್ಲಿ, ಒಂಟಿಯಾಗಿದ್ದ ಹಿರಿಯರ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಸಂಘದ ಟ್ಯಾಬ್ಲೆಟ್ ಕಂಪ್ಯೂಟರ್ ಹಂಚಿದ್ದು ನೀವು. ಕಿಟಕಿಯ ಹೊರಗೆ ಚಳಿಯಲ್ಲಿ ನಿಂತು, ಗಾಜಿನ ಮೇಲೆ ಬೆರಳಾಡಿಸಿ, ಎಲ್ಲಿ ಒತ್ತಬೇಕೆಂದು ಕಲಿಸಿದಿರಿ. ಎಲ್ಲರೂ ಅವರವರ ಮನೆಯಿಂದಲೇ ಟ್ಯಾಬ್ಲೆಟ್ಟಿನಲ್ಲಿ ಸೇರಿ ಹಾಡುವ ಗುರುವಾರದ ಭಜನೆ ಶುರುವಾದದ್ದು ಹಾಗೆ.

ಆ ವರ್ಷದ ಬಜೆಟ್ ಸಭೆ ನೆನಪಿದೆಯೇ? ರಿಪೇರಿಗೆ, ಕಲಿಸುವವರಿಗೆ ಒಂದಿಷ್ಟು ಹಣ ಎತ್ತಿಡೋಣ ಎಂದು ಸಂಘದ ಖಜಾಂಚಿಯಾಗಿ ನಾನು ಹಟ ಹಿಡಿದೆ. "ಅದಕ್ಕೆಂತ ದುಡ್ಡು ಮಾರಾಯ್ತಿ? ನಾನಿದ್ದೇನಲ್ಲ, ಸೊನ್ನೆ ಬರಿ," ಎಂದು ನಕ್ಕಿರಿ. ಸಮಿತಿಯವರೂ ನಿಮ್ಮ ಕಡೆಗೇ. ಬಿಟ್ಟಿ ಸಿಕ್ಕರೆ ಯಾರಿಗೆ ಬೇಡ? ನಾನಿದ್ದೇನಲ್ಲ ಎಂದವರು...

ನೀವು ಹೋದ ಮೇಲೆ ಟ್ಯಾಬ್ಲೆಟ್‌ಗಳು ಒಂದೊಂದಾಗಿ ನಿಂತವು. ಪಾಸ್‌ವರ್ಡ್‌ಗಳೆಲ್ಲ ನಿಮ್ಮ ತಲೆಯಲ್ಲಿದ್ದವು. ಸರಿಪಡಿಸಲು ಹಣ ಕೇಳಿ, ನಮಗೆ ಅನುದಾನ ಕೊಡುವ ನಿಧಿಗೆ ಬರೆದೆ. ಕಳೆದ ವರ್ಷ ಸೊನ್ನೆಯಲ್ಲಿ ನಡೆದ ಕೆಲಸ ಈ ವರ್ಷ ಯಾಕೆ ನಡೆಯುವುದಿಲ್ಲ ಎಂದು ಅಲ್ಲಿನ ಹೆಂಗಸು ಸಭ್ಯವಾಗಿಯೇ ಕೇಳಿದಳು. ಮಾಡುತ್ತಿದ್ದವರು ತೀರಿಕೊಂಡರು ಎಂದೆ. ಸಂತಾಪ ಹೇಳಿದಳು. ಹಣ ಕೊಡಲಿಲ್ಲ. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ ಮಾವ, ನಿಮ್ಮ ಮೇಲೆ. ಅಷ್ಟು ದುಡಿದು, ಲೆಕ್ಕದ ಪುಸ್ತಕದಲ್ಲಿ ಏನೂ ನಡೆದೇ ಇಲ್ಲ ಎಂಬಂತೆ ಹೋಗಿಬಿಡುವುದೇ? ಭಜನೆ ನಿಂತಿತು.

ಕಳೆದ ಗುರುವಾರ ರೈಲು ಹತ್ತಿ ಲೈಡನ್ನಿಗೆ ಹೋದೆ. ಸರೋಜಕ್ಕ ಒಳ್ಳೆಯ ಸೀರೆ ಉಟ್ಟು, ಕಪ್ಪಾದ ಟ್ಯಾಬ್ಲೆಟ್ ಎದುರು ಕೂತಿದ್ದರು. "ಭಜನೆಯ ಹೊತ್ತಾಯ್ತಲ್ಲ, ಕೂತೆ. ಇನ್ನೆಂತ ಮಾಡುದು?" ಎಂದರು. ಅದನ್ನು ಸರಿಮಾಡಲು ನನಗೆ ಬರುವುದಿಲ್ಲ. ಮಾಸ್ಕ್ ಹಾಕಿಕೊಂಡು, ಕೋಣೆಯ ಆಚೆ ಈಚೆ ಕೂತು, ಇಬ್ಬರೇ ಹಾಡಿದೆವು. ಅರ್ಧಕ್ಕೆ ಅವರಿಗೆ ಅಳು ಬಂತು, ನನಗೂ.

ರೈಲಿನ ಟಿಕೆಟ್ಟಿನ ಬಿಲ್ಲನ್ನು ಸಂಘಕ್ಕೆ ಕೊಟ್ಟಿದ್ದೇನೆ. "ರಘು ಒಂದು ದಿನವೂ ಬಿಲ್ ಕೊಟ್ಟವನಲ್ಲ," ಎಂದು ಅಧ್ಯಕ್ಷರು ಮುಖ ಸಿಂಡರಿಸಿದರು. ಹೌದು, ಅದಕ್ಕೇ ಕೊಟ್ಟೆ. ಇನ್ನು ಪ್ರತಿ ಗುರುವಾರ ಹೋಗುತ್ತೇನೆ, ಪ್ರತಿ ಸಲವೂ ಬಿಲ್ ಕೊಡುತ್ತೇನೆ. ನಾನು ಹೋದ ಮೇಲೆ ಬರುವವರಿಗೆ, ಇಲ್ಲಿ ಯಾರೋ ಇದ್ದರೆಂದು ಲೆಕ್ಕ ನೋಡಿದೊಡನೆ ತಿಳಿಯಬೇಕು.

ನಿಮ್ಮ ಅಕ್ಕನ ಮಗಳು,
ವೀಣಾ